"ಬರ್ತದ ಬಿಡ್ರಿ" ಅಂದವರಿಗೆ

ನಿನ್ನೆ ಕಲಬುರಗಿಯ ಬ್ರಹ್ಮಪುರದಲ್ಲಿ ಸಂಬಂಧಿಕರ ಮನೆ ತೊಟ್ಟಿಲ ಕಾರ್ಯಕ್ರಮಕ್ಕೆ ಹೋಗಿದ್ದೆ. ಊಟ ಮುಗಿಸಿ ಹೆಣ್ಮಕ್ಕಳೆಲ್ಲ ಪಡಸಾಲೆಯಲ್ಲಿ ಕೂತಿದ್ದೆವು. ಮೂರು ವರ್ಷ ತುಂಬಿದ ಹುಡುಗನೊಬ್ಬ ಬಂದು ತಾಯಿಯ ಮಣಿಕಟ್ಟು ಹಿಡಿದ. ಆಕೆಯ ಮುಖ ನೋಡಲಿಲ್ಲ, ಬೆರಳು ಮಾಡಿ ತೋರಿಸಲಿಲ್ಲ, ಬಾಯಿ ತೆರೆಯಲಿಲ್ಲ. ಆ ಕೈಯನ್ನು ಎಳಕೊಂಡು ಹೋಗಿ ನೀರಿನ ಕೊಡದ ಮೇಲಿಟ್ಟ. ಆಕೆ ನೀರು ಕುಡಿಸಿ ಬಂದು ಕೂತಳು. "ಇನ್ನಾ ಮಾತು ಬಂದಿಲ್ಲೇನು?" ಅಂತ ಯಾರೋ ಕೇಳಿದರು. ಆಕೆಗಿಂತ ಮೊದಲು ಅತ್ತೆಯೇ ಹೇಳಿದರು: "ಬರ್ತದ ಬಿಡ್ರಿ. ಗಂಡ್ ಹುಡುಗ್ರಿಗಿ ತಡಾನೇ. ಇವರಪ್ಪನೂ ನಾಕ್ ವರ್ಷಕ್ಕ ಮಾತಾಡ್ಯಾನ." ಸುತ್ತ ಕೂತವರೆಲ್ಲ ಹೂಂ ಅಂದರು. ಆ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು.

ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸಿಟ್ಟು ಆ ಅತ್ತೆಯ ಮೇಲಲ್ಲ, ಆ ಎರಡು ಶಬ್ದಗಳ ಮೇಲೆ. ನನ್ನ ಮಗನಿಗೂ ಹೀಗೇ ಮಾತು ತಡವಾಗಿತ್ತು. ಒಂದೂವರೆ ವರ್ಷಕ್ಕೇ ನನಗೆ ಅನುಮಾನ ಬಂದಿತ್ತು. ಸ್ಪೀಚ್ ಥೆರಪಿ, ಅಂದರೆ ಮಾತು ಕಲಿಸುವ ಚಿಕಿತ್ಸೆ, ಶುರುವಾದದ್ದು ಮೂರು ದಾಟಿದ ಮೇಲೆ. ಮನೆಯವರು ಬರ್ತದ ಬಿಡು ಅಂದರು, ಓಣಿಯವರು ಅಂದರು, ನಾವು ತೋರಿಸುತ್ತಿದ್ದ ಡಾಕ್ಟರೂ ಅದನ್ನೇ ಅಂದರು. ಬಜೆ ತೇದು ನಾಲಿಗೆಗೆ ಹಚ್ಚಿದೆವು. ಗಿಳಿ ಕಚ್ಚಿದ ಹಣ್ಣು ತಿನ್ನಿಸಿದೆವು. ಶರಣಬಸಪ್ಪನಿಗೆ ಹರಕೆ ಹೊತ್ತೆವು, ಬಂದೇ ನವಾಜ್ ದರ್ಗಾಕ್ಕೂ ಹೋಗಿ ಬಂದೆವು. ಹರಕೆಗೆ ನನ್ನ ತಕರಾರಿಲ್ಲ, ಇವತ್ತಿಗೂ ಎರಡೂ ಕಡೆ ಕೈ ಮುಗಿಯುತ್ತೇನೆ. ಹರಕೆಯ ಜೊತೆಗೇ ಕಿವಿ ಪರೀಕ್ಷೆಯನ್ನೂ ಮಾಡಿಸಬಹುದಿತ್ತು. ಮಾಡಿಸಲಿಲ್ಲ.

ಮಾತು ತಡವಾದರೆ ಮೊದಲು ನೋಡಬೇಕಾದದ್ದು ಕಿವಿ. "ತಾಟು ಬಿದ್ರ ತಿರುಗಿ ನೋಡ್ತಾನಲ್ಲ" ಅಂತ ನಾನೂ ವಾದ ಮಾಡಿದವಳೇ. ತಾಟಿನ ಸದ್ದಿಗೆ ಬೆಚ್ಚುವ ಮಗುವಿಗೂ 'ಸ', 'ಶ' ಅನ್ನುವ ತೆಳು ದನಿಗಳು ಕೇಳದೇ ಇರಬಹುದು. ಆ ಮಗುವಿಗೆ ನಮ್ಮ ಮಾತು ಅರ್ಧ ಹರಿದ ಹಾಳೆಯ ಹಾಗೆ ಮುಟ್ಟುತ್ತದೆ. ಹುಟ್ಟಿದ 1 ತಿಂಗಳೊಳಗೆ ತಪಾಸಣೆ, ದೋಷವಿದ್ದರೆ 3 ತಿಂಗಳೊಳಗೆ ಖಾತ್ರಿ, 6 ತಿಂಗಳೊಳಗೆ ಚಿಕಿತ್ಸೆ, ಇದು ತಜ್ಞರು ಹಾಕಿಕೊಟ್ಟ ಲೆಕ್ಕ. ಅವರು ತಿಂಗಳು ಎಣಿಸುತ್ತಾರೆ, ನಾವು ವರ್ಷ ಎಣಿಸುತ್ತೇವೆ.

ಥೆರಪಿ ಅಂದರೆ ಆಟ ಆಡಿಸುವುದು, ಅದಕ್ಕೆ ಇಷ್ಟು ರೊಕ್ಕ ಯಾಕೆ ಅಂತ ನಮ್ಮವರೇ ಕೇಳಿದ್ದರು. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಥೆರಪಿಸ್ಟ್ ಸೋಪಿನ ಗುಳ್ಳೆ ಊದಿದರು. ಮಗ ಕುಣಿದ. ಅವರು ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಅವನ ಕೈಗೇ ಕೊಟ್ಟು ಸುಮ್ಮನೆ ಕೂತರು. ಅವನು ತಿರುಗಿಸಿ ನೋಡಿದ, ಬರಲಿಲ್ಲ. ನನಗೆ ತಡೆಯಲಾಗದೆ ಕೈ ಚಾಚಿದೆ. ಅವರು ಕಣ್ಣಲ್ಲೇ ಬೇಡ ಅಂದರು. ಹತ್ತು ಸೆಕೆಂಡು ಇರಬಹುದು, ನನಗೆ ಹತ್ತು ನಿಮಿಷದಂತಾಯಿತು. ಅವನು ಬಾಟಲಿ ತಂದು ಅವರ ಮಡಿಲಲ್ಲಿಟ್ಟ. ಮೊದಲ ಸಲ ಮುಖ ಎತ್ತಿ ಅವರ ಕಣ್ಣು ನೋಡಿ "ಊ" ಅಂದ. ಅವರು ಕೂಡಲೇ "ಊದು!" ಅಂತ ಮುಚ್ಚಳ ತೆಗೆದರು. ನಾನು ಮನೆಯಲ್ಲಿ ಅವನು ಕೇಳುವ ಮೊದಲೇ ಎಲ್ಲ ಕೊಟ್ಟುಬಿಡುತ್ತಿದ್ದೆ. ಕೇಳುವ ಅಗತ್ಯವೇ ಅವನಿಗೆ ಬಿದ್ದಿರಲಿಲ್ಲ.

ಊಟದ ಕಥೆ ಇನ್ನೂ ಕಷ್ಟದ್ದು. ಮೂರು ವರ್ಷದ ತನಕ ಅವನು ತಿಂದದ್ದು ಹಾಲಿನಲ್ಲಿ ನೆನೆಸಿದ ಬಿಸ್ಕೀಟು, ಮಿಕ್ಸಿಯಲ್ಲಿ ತಿರುವಿದ ಬ್ಯಾಳಿ ಅನ್ನ. ಒಂದು ಅಗುಳು ಗಟ್ಟಿಯಿದ್ದರೆ ಓಕರಿಸುತ್ತಿದ್ದ. ಆರು ತಿಂಗಳಿಗೆ ಮೇಲಿನ ಆಹಾರ ಶುರುಮಾಡಿ, ಒಂಬತ್ತು ಹತ್ತು ತಿಂಗಳೊಳಗೆ ಸ್ವಲ್ಪ ಗಂಟು ಗಂಟಾದದ್ದನ್ನೂ ರೂಢಿ ಮಾಡಿಸಬೇಕು, ಇಲ್ಲದಿದ್ದರೆ ಅಗಿಯುವುದು ಕಲಿಯುವುದು ಕಷ್ಟವಾಗುತ್ತಾ ಹೋಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಸಿಟ್ಟಿನಲ್ಲಿ ಮೂಗು ಹಿಡಿದು ತುರುಕಿದ್ದೇನೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ, ಬರೆಯುವಾಗಲೂ ಕೈ ನಡುಗುತ್ತಿದೆ. ಥೆರಪಿಸ್ಟ್ ಮೊದಲು ಮಾಡಿದ್ದು ಊಟವನ್ನಲ್ಲ, ಕೂರುವುದನ್ನು ಸರಿ ಮಾಡಿದ್ದು. ಜೋತಾಡುವ ಕಾಲಿನ ಕೆಳಗೆ ಮಣೆ ಇಟ್ಟರು. ಆಮೇಲೆ ಬಿಸಿ ಬಿಸಿ ಮೆತ್ತನ್ನ ಜೋಳದ ರೊಟ್ಟಿಯ ಉದ್ದ ತುಂಡನ್ನು ತಾವೇ ಹಿಡಿದು ದವಡೆ ಹಲ್ಲಿನ ನಡುವೆ ಇಟ್ಟರು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಾಲಿಗೆ ಪಕ್ಕಕ್ಕೆ ಹೊರಳುವುದನ್ನು ಕಲಿಯಬೇಕಂತೆ. ಅವನು ರೊಟ್ಟಿ ಕಚ್ಚಿ ನುಂಗಿದ ದಿನ ನಾನು ಆಟೋದಲ್ಲಿ ಅಳುತ್ತ ಮನೆಗೆ ಬಂದೆ.

ಇನ್ನು ಅವನ ಹಟ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಜಾತ್ರೆಯಲ್ಲಿ ತೇರಿನ ಗದ್ದಲಕ್ಕೆ ನೆಲದ ಮೇಲೆ ಬಿದ್ದು ಒದ್ದಾಡಿದಾಗ "ನಾಕ್ ಕೊಡ್ರಿ, ಸುಮ್ಮ ಆಗ್ತಾನ" ಅಂದವರಿದ್ದರು. ಮುಟ್ಟುವುದು, ಕೇಳುವುದು ಅಷ್ಟೇ ಅಲ್ಲ, ಒಳಗಿವಿಯಿಂದ ಬರುವ ಸಮತೋಲನ, ಕೀಲು ಸ್ನಾಯುಗಳಿಂದ ಬರುವ ಸುದ್ದಿ, ಇವನ್ನೆಲ್ಲ ಮಿದುಳು ಹೊಂದಿಸಿಕೊಳ್ಳಬೇಕು. ಕೆಲವು ಮಕ್ಕಳಿಗೆ ಅದು ಭಾರವಾಗುತ್ತದೆ ಅಂತ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸ ರೂಢಿ ಮಾಡಿಸುವ ಥೆರಪಿಯವರು, ತಿಳಿಸಿ ಹೇಳಿದರು. ಅಮೆರಿಕದ ಜೀನ್ ಏರ್ಸ್ ಈ ವಿಚಾರಕ್ಕೆ ಅಡಿಪಾಯ ಹಾಕಿದವರು. ಈ ಥೆರಪಿಯ ಫಲ ಎಲ್ಲ ಮಕ್ಕಳಿಗೂ ಒಂದೇ ತೆರ ಇರುವುದಿಲ್ಲ, ಆಟಿಸಂ (ಮಾತು, ಇತರರೊಡನೆ ಬೆರೆಯುವುದು ಕಷ್ಟವಾಗುವ ಬೆಳವಣಿಗೆಯ ಸ್ಥಿತಿ) ಪೂರಾ ವಾಸಿ ಮಾಡುತ್ತೇವೆ ಅನ್ನುವವರ ಕಡೆ ಹೋಗಲೇಬೇಡಿ. ನಮ್ಮವನಿಗೆ ತೊಗರಿ ಬೇಳೆ ತುಂಬಿದ ಬೋಗುಣಿಯಲ್ಲಿ ಕೈ ಆಡಿಸುವುದರಿಂದ ಶುರುವಾಯಿತು. ಈಗ ನಾನು ಹಿಟ್ಟು ನಾದುವಾಗ ತಾನೂ ಕೈ ಹಾಕುತ್ತಾನೆ.

ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಹಿಂಗಾಗಿ ಮಗುವಿಗೆ ಗೊಂದಲ, ಇಂಗ್ಲಿಷ್ ಒಂದೇ ಮಾತಾಡಿ ಅಂತ ಹೇಳುವವರೂ ಇದ್ದಾರೆ. ಎರಡು ಮೂರು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ. ಅಜ್ಜಿ ತನಗೆ ಬಾರದ ಭಾಷೆಯಲ್ಲಿ ಮೊಮ್ಮಗನ ಜೊತೆ ಏನು ಮಾತಾಡಬೇಕು?

ಕೆಲವು ಮಕ್ಕಳು ತಡವಾಗಿ ತಾವೇ ಮಾತಾಡುತ್ತಾರಲ್ಲ ಅಂತ ಕೇಳುತ್ತೀರಿ. ಹೌದು, ಮಾತಾಡುತ್ತಾರೆ. ಆದರೆ ನಿಮ್ಮ ಮಗು ಆ ಪೈಕಿಯದೋ ಅಲ್ಲವೋ ಅಂತ ಪಡಸಾಲೆಯಲ್ಲಿ ಕೂತು ಹೇಗೆ ತಿಳಿಯುತ್ತೀರಿ? ಎರಡು ವರ್ಷಕ್ಕೆ "ಅವ್ವ ಬಾ" ಅಂತ ಎರಡು ಶಬ್ದ ಕೂಡಿಸದಿದ್ದರೆ ತೋರಿಸಿ. ತಾನೇ ಬರುವ ಮಾತಾಗಿದ್ದರೆ ನಾಲ್ಕು ಸಲ ಓಡಾಡಿದ್ದಷ್ಟೇ ನಷ್ಟ. ಅಲ್ಲದಿದ್ದರೆ, ಹೋದ ವರ್ಷಗಳನ್ನು ಯಾರು ತಂದು ಕೊಡುತ್ತಾರೆ? ನನಗೆ ಯಾರೂ ತಂದು ಕೊಟ್ಟಿಲ್ಲ.

ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಆದರೆ ಕಲಬುರಗಿಯಿಂದ ಅದು ರಾಜ್ಯದ ಇನ್ನೊಂದು ತುದಿ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕು. ತಪಾಸಣೆಯ ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಖಾಸಗಿಯಲ್ಲಿ ಸ್ಪೀಚ್ ಥೆರಪಿಗೆ ಹೋದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಮುಲಾಜಿಲ್ಲದೆ ಕೇಳಿ. ಮನೆಯಲ್ಲಿ ಏನು ಮಾಡಬೇಕು ಅಂತ ತಾಯಿಗೆ ಕಲಿಸದೆ ಬರೀ ಬಾಗಿಲು ಹಾಕಿಕೊಂಡು ಥೆರಪಿ ಕೊಡುವ ಕಡೆ ಹೆಚ್ಚು ದಿನ ಇರಬೇಡಿ.

ನಿನ್ನೆ ಹೊರಡುವಾಗ ಆ ತಾಯಿ ಮೆಟ್ಟಿಲ ತನಕ ಬಂದಿದ್ದಳು. ನಂಬರ್ ಕೊಟ್ಟು ಬಂದಿದ್ದೆ. ಇವತ್ತು ಬೆಳಿಗ್ಗೆ ಆರೂವರೆಗೆ ಫೋನ್ ಬಂತು, ದನಿ ತಗ್ಗಿಸಿ ಮಾತಾಡುತ್ತಿದ್ದಳು, ಹಿಂದೆ ನಲ್ಲಿ ನೀರಿನ ಸದ್ದು. ಸೋಮವಾರ ಕಿವಿ ಪರೀಕ್ಷೆಗೆ ನಾನೂ ಜೊತೆಗೆ ಬರುತ್ತೇನೆ ಅಂದೆ. "ಅತ್ತಿಗಿ ಏನಂತ ಹೇಳ್ಲಿ ಅಕ್ಕ?" ಅಂದಳು. ನನ್ನ ಹೆಸರು ಹೇಳು ಅಂದೆ.