ಯಾವ ಬೇಜಾರು?

ಅಪ್ಪ ತೀರಿಕೊಂಡ ವರ್ಷದ ಚಳಿಗಾಲದಲ್ಲಿ ಅಮ್ಮ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ನಮ್ಮ ಜೊತೆ ಐದು ತಿಂಗಳು ಇದ್ದರು. ಊಟ ಸರಿಯಾಗಿ ಮಾಡುತ್ತಿರಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಹಾಲ್‌ನಲ್ಲಿ ದೀಪ ಹಾಕಿಕೊಂಡು ಕೂರುತ್ತಿದ್ದರು. ಒಂದು ಸಂಜೆ ಅಡುಗೆಮನೆಯಲ್ಲಿ ಇಬ್ಬರೂ ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದೆವು. ಕೆಲಸದಲ್ಲಿ ದಿನಾ ಕೇಳುವ ಪ್ರಶ್ನೆಯನ್ನೇ ಕನ್ನಡ ಮಾಡಿ ಕೇಳಿದೆ: "ಅಮ್ಮ, ಈ ಎರಡು ವಾರದಲ್ಲಿ ಎಷ್ಟು ದಿನ ಬೇಜಾರು ಅನ್ನಿಸಿತು?"

ಅಮ್ಮ ತಲೆ ಎತ್ತಲಿಲ್ಲ. "ಯಾವ ಬೇಜಾರು? ಹೊತ್ತು ಹೋಗದ ಬೇಜಾರಾ, ಯಾರೋ ಏನೋ ಅಂದಾಗ ಆಗೋ ಬೇಜಾರಾ, ಇಲ್ಲಾ ಬದುಕೇ ಸಾಕು ಅನ್ನೋ ಬೇಜಾರಾ?"

ಕೊನೆಯ ಮಾತು ಕೇಳಿ ನನ್ನ ಕೈ ನಿಂತಿತು. ಅದು ಯಾವುದು ಅಂತ ನೇರವಾಗಿಯೇ ಕೇಳಿದೆ. "ಅಷ್ಟು ದೂರ ಹೋಗಿಲ್ಲ ಕಣೋ, ಮೊದಲನೇದು" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೂ ಒಂದು ಥರ ಇದೆ, ಅದಕ್ಕೆ ಹೆಸರಿಲ್ಲ" ಅಂದರು.

ನಾನು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಟಾಕಿಂಗ್ ಥೆರಪೀಸ್ ಸೇವೆಯಲ್ಲಿ ಕೆಲಸ ಮಾಡುತ್ತೇನೆ. ಖಿನ್ನತೆ, ಆತಂಕ ಇರುವವರಿಗೆ ಮಾತಿನ ಚಿಕಿತ್ಸೆ ಸುಲಭವಾಗಿ ಸಿಗಲಿ ಅಂತ ಇಂಗ್ಲೆಂಡ್ 2008ರಲ್ಲಿ ಇದನ್ನು ಶುರು ಮಾಡಿತು. ಈಗಿನ ಹೆಸರು ಬಂದಿದ್ದು 2023ರಲ್ಲಿ. ಡಾಕ್ಟರ ಚೀಟಿ ಬೇಕಿಲ್ಲ, ನೀವೇ ಫೋನ್ ಮಾಡಿ ಹೆಸರು ಕೊಡಬಹುದು. ದುಡ್ಡಿಲ್ಲ. ಕಾಯಬೇಕು, ಕೆಲವು ಕಡೆ ಜಾಸ್ತಿಯೇ ಕಾಯಬೇಕು, ಆದರೆ ಬಾಗಿಲು ತೆರೆದಿದೆ. ಪ್ರತಿ ಸಲವೂ ಒಂಬತ್ತು ಪ್ರಶ್ನೆಗಳ ಒಂದು ಹಾಳೆ ತುಂಬಿಸುತ್ತೇವೆ. ಆಸಕ್ತಿ, ಬೇಜಾರು, ನಿದ್ದೆ, ಸುಸ್ತು, ಹಸಿವು, ಹೀಗೆ. ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಒಂಬತ್ತನೆಯದು ಸಾವಿನ ಯೋಚನೆಯ ಬಗ್ಗೆ. ಅಮ್ಮ ಒಂದೇ ಪದದೊಳಗೆ ಆ ಹಾಳೆಯ ಎರಡನೇ ಪ್ರಶ್ನೆಯನ್ನೂ ಒಂಬತ್ತನೆಯದನ್ನೂ ಇಟ್ಟು ತೋರಿಸಿದ್ದರು.

ನಾನು ಈ ದಾರಿ ಹಿಡಿಯಲು ಕಾರಣವಿದೆ. ಡಿಗ್ರಿ ಕೊನೇ ವರ್ಷದಲ್ಲಿ ಎದೆ ಡವಡವ, ಕೈ ನಡುಕ ಶುರುವಾಗಿ ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋಗಿದ್ದೆವು. ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. ಕೇಳಿದ ಪ್ರಶ್ನೆಗೆಲ್ಲ ಪಕ್ಕದಲ್ಲಿ ಕೂತಿದ್ದ ಅಪ್ಪನೇ ಉತ್ತರ ಕೊಟ್ಟರು. ಮಾತ್ರೆ ಬರೆದರು, "ಟೆನ್ಶನ್ ಮಾಡ್ಕೋಬೇಡಿ" ಅಂದರು. ಮಾತ್ರೆಯಿಂದ ಉಪಯೋಗವಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಬಾಯಿಂದ ಒಂದು ಮಾತೂ ಹೊರಡದೆ ನಾನು ಮನೆಗೆ ಬಂದಿದ್ದೆ.

ಹಾಗಾಗಿ ಇಲ್ಲಿ ಮೊದಲ ಸಲ ಒಬ್ಬರೇ ಬಂದು ಬಾಗಿಲು ಹಾಕಿಕೊಂಡು ಮಾತಾಡುವವರನ್ನು ಕಂಡಾಗ ಇದೇ ಸರಿಯಾದ ದಾರಿ ಅನ್ನಿಸಿತು. ನಾನು ಹೇಳಿಕೊಡುವುದು ಹೆಚ್ಚಾಗಿ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ), 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಏರನ್ ಬೆಕ್ ಕಟ್ಟಿದ ಪದ್ಧತಿ. ಯೋಚನೆ, ಮೈ, ಭಾವನೆ, ನಡೆ, ಈ ನಾಲ್ಕೂ ಒಂದನ್ನೊಂದು ಹೇಗೆ ಎಳೆಯುತ್ತವೆ ಅಂತ ಹಾಳೆಯ ಮೇಲೆ ಬರೆದು ನೋಡುತ್ತೇವೆ. ಮನಸ್ಸು ಕುಗ್ಗಿದವರು ಒಂದೊಂದಾಗಿ ಎಲ್ಲವನ್ನೂ ಬಿಡುತ್ತಾರೆ. ಬಿಟ್ಟಷ್ಟೂ ಮನಸ್ಸು ಇನ್ನೂ ಕುಗ್ಗುತ್ತದೆ. ಅದಕ್ಕೆ ಡೈರಿಯಲ್ಲಿ ಬರೆಯುತ್ತೇವೆ: ಮಂಗಳವಾರ ಬೆಳಗ್ಗೆ ಹತ್ತಕ್ಕೆ, ಹತ್ತು ನಿಮಿಷ ನಡಿಗೆ. ಮನಸ್ಸು ಬಂದಾಗ ಮಾಡೋಣ ಅಂತ ಕಾಯುವುದಿಲ್ಲ. ನೋಡಲು ಇಷ್ಟು ಚಿಕ್ಕದು, ಆದರೆ ಇದರಿಂದ ಜನ ಎದ್ದು ನಿಂತಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಬೇರೆ ಪದ್ಧತಿಗಳೂ ಇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹಾದಿಯ ಕೌನ್ಸೆಲಿಂಗ್‌ನಲ್ಲಿ ಹಾಳೆ, ಡೈರಿ ಏನೂ ಇಲ್ಲ. ತೀರ್ಪು ಕೊಡದೆ ಪೂರ್ತಿ ಕೇಳಿಸಿಕೊಳ್ಳುವುದೇ ಅಲ್ಲಿ ಮದ್ದು. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಕಡೆಯಿಂದ ಬಂದವರು ಬಾಲ್ಯ ಕೆದಕುತ್ತಾರೆ, ಸಮಯ ಹಿಡಿಯುತ್ತದೆ. ಆಘಾತದ ನೆನಪುಗಳಿಗೆ ಇಎಂಡಿಆರ್ ಇದೆ, ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಕಣ್ಣನ್ನು ಅತ್ತಿತ್ತ ಆಡಿಸುವ ಚಿಕಿತ್ಸೆ.

ಇವುಗಳಲ್ಲಿ ಬಹುಪಾಲು ಒಂದು ವಿಷಯವನ್ನು ಹೇಳದೆಯೇ ಒಪ್ಪಿಕೊಂಡಿವೆ: ಎದುರು ಕೂತವರು ಒಬ್ಬರೇ, ನಿರ್ಧಾರವೂ ಅವರೊಬ್ಬರದೇ. ನಮ್ಮವರು ಬಂದು "ನೀವೇ ಹೇಳಿ, ಏನ್ ಮಾಡ್ಲಿ?" ಅಂದರೆ, ಸಲಹೆ ಕೊಡಬಾರದು ಅಂತ ಕಲಿತವರು ತಡಬಡಾಯಿಸುತ್ತಾರೆ. ಆ ಪ್ರಶ್ನೆಯಲ್ಲಿರುವುದು ನಂಬಿಕೆ. ಭಾರತದ ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲೇ ಗುರು-ಶಿಷ್ಯರ ನಂಟನ್ನು ಚಿಕಿತ್ಸೆಗೆ ಮಾದರಿಯಾಗಿ ನೋಡಬಹುದಾ ಅಂತ ಬರೆದಿದ್ದರು. ಇಲ್ಲಿನ ತರಬೇತಿಯಲ್ಲಿ ಆ ಹೆಸರು ನನ್ನ ಕಿವಿಗೆ ಬೀಳಲೇ ಇಲ್ಲ.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಬೆಲೆ ನನಗೆ ಗೊತ್ತಾಗಿದ್ದು ದೂರ ಬಂದ ಮೇಲೆ. ಅಲ್ಲಿ ರೋಗಿಯ ಜೊತೆ ಮನೆಯವರೂ ಉಳಿಯುವ ಕುಟುಂಬ ವಾರ್ಡ್ ಇದೆ. ಮಗನಿಗೆ ಆಗಿರುವುದು ಸೋಮಾರಿತನ ಅಲ್ಲ, ಕಾಯಿಲೆ ಅಂತ ಅಪ್ಪ ಅಮ್ಮನಿಗೂ ಅಲ್ಲೇ ತಿಳಿಯುತ್ತದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನಿಮ್ಹಾನ್ಸ್ ಮಾಡಿದ ಕೆಲಸವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಲೀಡ್ಸ್‌ನಲ್ಲಿ ಆರು ವಾರ ಒಬ್ಬರ ಜೊತೆ ಕೆಲಸ ಮಾಡಿದರೂ ಅವರ ಮನೆಯವರ ಮುಖ ಎಷ್ಟೋ ಸಲ ನಾನು ನೋಡಿರುವುದಿಲ್ಲ. ಗುಟ್ಟು ಉಳಿಯುತ್ತದೆ, ಒಳ್ಳೆಯದೇ. ಆದರೆ ಸಂಜೆ ಅವರು ಅದೇ ಮನೆಗೆ, ಅದೇ ಮಾತುಗಳಿಗೆ ವಾಪಸ್ ಹೋಗುತ್ತಾರೆ ಅಲ್ವಾ?

ಅಮ್ಮ ಮೈಸೂರಿಗೆ ಮರಳಿದ ಮೇಲೆ ಒಬ್ಬ ಕೌನ್ಸೆಲರ್ ಹತ್ತಿರ ಹೋದರು. ಅಮ್ಮನಿಗೆ ನಾನು ಮಗ, ಥೆರಪಿಸ್ಟ್ ಆಗಲು ಆಗುವುದಿಲ್ಲ. ಆ ಕೌನ್ಸೆಲರ್ ಮುಕ್ಕಾಲು ಗಂಟೆ ಅಮ್ಮನ ಜೊತೆ ಮಾತ್ರ ಮಾತಾಡಿ, ಅವರ ಒಪ್ಪಿಗೆ ಕೇಳಿ, ಕೊನೆಯ ಹತ್ತು ನಿಮಿಷ ಅತ್ತಿಗೆಯನ್ನು ಒಳಗೆ ಕರೆದರಂತೆ. ಎರಡೂ ಕಡೆಯ ಒಳ್ಳೆಯದು ಆ ಒಂದು ಗಂಟೆಯಲ್ಲಿ ಸೇರಿತ್ತು. ನನಗೆ ಬೇಕಾದ ಪದ್ಧತಿ ಇದೇ.

ಧಾರವಾಡದಲ್ಲಿ ಸೈಕಾಲಜಿ ಓದುವ ನೆಂಟರ ಹುಡುಗಿಯೊಬ್ಬಳು ಥೆರಪಿಸ್ಟ್ ಆಗುವುದು ಹೇಗೆ ಅಂತ ಕೇಳುತ್ತಿರುತ್ತಾಳೆ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಒಪ್ಪಿದ ತರಬೇತಿ, ನೋಂದಣಿ ಬೇಕು. ಇಷ್ಟು ದಿನ ಅದಕ್ಕೆ ಎಂ.ಎ. ಆದ ಮೇಲೆ ಎರಡು ವರ್ಷದ ಎಂ.ಫಿಲ್ ಇತ್ತು, ಈಗ ಆ ವ್ಯವಸ್ಥೆ ಬದಲಾಗುತ್ತಿದೆ. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಸೀಟು ಸಿಗದ ಕೆಲವರು ಚಿಕ್ಕಪುಟ್ಟ ಡಿಪ್ಲೊಮಾ ಮಾಡಿ ಬೋರ್ಡ್ ಹಾಕುತ್ತಾರೆ. ಬ್ರಿಟನ್‌ನಲ್ಲೂ ಕೌನ್ಸೆಲರ್, ಸೈಕೋಥೆರಪಿಸ್ಟ್ ಎಂಬ ಹೆಸರುಗಳಿಗೆ ಕಾನೂನಿನ ರಕ್ಷಣೆ ಇಲ್ಲ. ಆದರೆ ನನಗೆ ತರಬೇತಿಯ ಒಂದು ವರ್ಷವೂ ಸಂಬಳ ಕೊಟ್ಟರು. ವಾರಕ್ಕೊಮ್ಮೆ ಹಿರಿಯರೊಬ್ಬರು ಕೂತು ನನ್ನ ಕೇಸುಗಳನ್ನು ಒಂದೊಂದಾಗಿ ನೋಡುತ್ತಾರೆ, ಇವತ್ತಿಗೂ. ಆ ಹುಡುಗಿಗೆ ನಾನು ಒತ್ತಿ ಹೇಳುವುದು ಇದನ್ನೇ. ಯಾವ ಕೋರ್ಸ್ ಆದರೂ ಸರಿ, ನಿನ್ನ ತಪ್ಪು ನೋಡಿ ತಿದ್ದುವವರು ಇದ್ದಾರಾ ಅಂತ ಮೊದಲು ಕೇಳು. ಸರ್ಟಿಫಿಕೇಟ್ ವಿಷಯ ಆಮೇಲೆ.

ಇನ್ನೊಂದು ಮಾತೂ ಹೇಳುತ್ತೇನೆ: ಕನ್ನಡದಲ್ಲಿ ಅಭ್ಯಾಸ ಮಾಡು. ನಮ್ಮಲ್ಲಿ ಈ ವಿದ್ಯೆಯನ್ನು ಇಂಗ್ಲಿಷ್‌ನಲ್ಲಿ ಕಲಿಸುತ್ತಾರೆ, ನೋವು ಬರುವುದು ಮಾತ್ರ ಕನ್ನಡದಲ್ಲಿ. ಲಂಡನ್‌ನಲ್ಲಿ ಓದಿ ಬಂದು ಮೈಸೂರಿನಲ್ಲಿ ಮನಶ್ಶಾಸ್ತ್ರ ಕಲಿಸಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದ್ದರು. ಮನಸ್ಸಿನ ವಿದ್ಯೆ ಓದಿದವರಿಗೆ ಊರಿನ ಜನರ ಕಿವಿ ಮುಟ್ಟುವ ಹಂಬಲ ಅಷ್ಟಿತ್ತು. 2022ರಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿದರೆ ಇವತ್ತು ಕನ್ನಡದಲ್ಲೇ ಮಾತಾಡಬಹುದು. ಇಂಥ ಕಡೆ ಕೂತು ಕೇಳಿಸಿಕೊಳ್ಳುವವರು ಇನ್ನೂ ಎಷ್ಟೋ ಮಂದಿ ಬೇಕು. "ಹೊಟ್ಟೆಯೊಳಗೆ ಏನೋ ಸಂಕಟ" ಅಂದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸದೆ, "ಯಾವಾಗಿಂದ?" ಅಂತ ಕೇಳುವವರು.

ಅಮ್ಮನ ಆ ಸಂಜೆಯ ಮಾತು ಕೇಳಿದ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ನಮ್ಮವರು ನೋವಿಗೆ ಆಡುವ ಮಾತುಗಳನ್ನೆಲ್ಲ ಅದರಲ್ಲಿ ಬರೆಯುತ್ತೇನೆ. ಎದೆ ಭಾರ, ಕೈಕಾಲು ಸೋತಿದೆ, ಕರುಳು ಹಿಂಡಿದ ಹಾಗೆ, ತಳಮಳ. ಹೋದ ತಿಂಗಳು ಆ ಪುಟದ ಫೋಟೊ ಹುಡುಗಿಗೆ ಕಳಿಸಿದೆ. ಅವಳು ತನ್ನ ಅಜ್ಜಿಯನ್ನು ಕೇಳಿ ಒಂದು ಸಾಲು ಬರೆದು ಕಳಿಸಿದಳು: "ಊಟ ಸೇರವಲ್ದು, ನಿದ್ದಿ ಹತ್ತವಲ್ದು, ಜೀವಕ್ಕ ಬ್ಯಾಸರ ಆಗ್ಯದ." ನನ್ನ ಹಾಳೆಯ ಮೂರು ಪ್ರಶ್ನೆ, ಒಂದೇ ಉಸಿರಿನಲ್ಲಿ. ಕೆಳಗೆ ಇನ್ನೊಂದು ಸಾಲಿತ್ತು. ಅಜ್ಜಿ ಇದನ್ನು ಬರೆಸುವಾಗ ಅತ್ತರಂತೆ, ಯಾರೂ ಇಷ್ಟು ದಿನ ಕೇಳಿರಲಿಲ್ಲ ಅಂತ.