ಬಿಡುವಿನ ಹದಿನೈದು ನಿಮಿಷ: ಬಳಸುವ ವಿಧಾನ

ಸರ್ಕಾರಿ ಶಾಲೆಯ 40 ನಿಮಿಷದ ಪಿರಿಯಡ್‌ನಲ್ಲಿ ಮಕ್ಕಳಿಗೆ ನಾಲ್ಕು ಕಳೆಯುವ ಲೆಕ್ಕ ಕೊಟ್ಟರೆ ಮೇಷ್ಟ್ರಿಗೆ ಹದಿನೈದು ನಿಮಿಷ ಬಿಡುವು. ಅದನ್ನು ನೋಟ್‌ಬುಕ್ ತಿದ್ದುತ್ತಾ ಹಾಳು ಮಾಡಬಾರದು. ಜೇಬಿನಲ್ಲಿ ಮೊಬೈಲ್ ಇದೆಯಲ್ಲ. ಸ್ವಂತದ್ದು, ಡೇಟಾವೂ ಸ್ವಂತದ್ದೇ; ಇಲಾಖೆಗೆ ನಯಾಪೈಸೆ ಹೊರೆಯಿಲ್ಲ.

ಮೊದಲು ಅಪಾರ್ ಐಡಿ, ಅಂದರೆ ಮಗುವಿನ ಓದಿನ ದಾಖಲೆಗೆ ದೇಶಕ್ಕೆಲ್ಲ ಒಂದೇ ಗುರುತಿನ ಸಂಖ್ಯೆ, ಮಾಡುವ ಕೆಲಸ. ಆಧಾರ್ 12 ಅಂಕಿ, ಅಪಾರ್ 12, ಪೆನ್ (ಶಾಶ್ವತ ಶಿಕ್ಷಣ ಸಂಖ್ಯೆ) 11, ಸ್ಯಾಟ್ಸ್ (ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆಯ ಸಂಖ್ಯೆ) 9. ಈ 44 ಅಂಕಿ ಹೊತ್ತ ಮಗು 42ರಲ್ಲಿ 17 ಕಳೆಯಲು ಬೆರಳು ಮಡಚುತ್ತಿರುತ್ತದೆ. ಇರಲಿ ಬಿಡಿ. ಹೆಸರು, ಹುಟ್ಟಿದ ದಿನಾಂಕ ಎರಡೂ ಆಧಾರ್‌ಗೆ ಹೊಂದಬೇಕು. ಕನ್ನಡದಲ್ಲಿ ಮಂಜುನಾಥ ಒಬ್ಬನೇ. ಇಂಗ್ಲಿಷ್‌ನಲ್ಲಿ ಕೊನೆಗೆ ‘ಎ’ ಇರುವವನು, ಇಲ್ಲದವನು ಅಂತ ಇಬ್ಬರು. ಶಾಲೆಯ ದಾಖಲೆಯಲ್ಲಿ ಜೂನ್ 1ಕ್ಕೆ ಹುಟ್ಟಿದವನು ಆಧಾರ್‌ನಲ್ಲಿ ಜನವರಿ 1ಕ್ಕೇ ಹುಟ್ಟಿರುತ್ತಾನೆ. (ಇಷ್ಟೊಂದು ಹೆರಿಗೆ ಈ ಎರಡೇ ದಿನ ಆಗುವುದರ ಬಗ್ಗೆ ವೈದ್ಯಲೋಕ ಯಾಕೋ ತಲೆ ಕೆಡಿಸಿಕೊಂಡಿಲ್ಲ.) ತಿದ್ದಿಸಲು ಅಪ್ಪ ಒಂದು ದಿನದ ಕೂಲಿ ಬಿಟ್ಟು, ಜನನ ಪ್ರಮಾಣಪತ್ರ ಹಿಡಿದು ಆಧಾರ್ ಕೇಂದ್ರಕ್ಕೆ ಹೋಗಬೇಕು. ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ.

ನಂತರ ಬಿಸಿಯೂಟದ ಲೆಕ್ಕ: ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು.

ಇನ್ನೂ ಸಮಯ ಮಿಕ್ಕರೆ ಪಾಠವನ್ನೂ ಮಾಡಬಹುದು. ಪುಸ್ತಕದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಹಾಳೆ ಮುದುರಿ ಸ್ಕ್ಯಾನ್ ಆಗದಿದ್ದರೆ ಅದರಡಿಯ ಆರು ಅಕ್ಷರಗಳ ಕೋಡ್ ಒತ್ತಿ. ‘ಅಪ್‌ಡೇಟ್ ಮಾಡಿ’ ಎಂದರೆ ನೆಟ್‌ವರ್ಕ್ ಸಿಗುವ ಕಿಟಕಿಗೆ ಹೋಗಿ. ವಿಡಿಯೊ ಬಂತೋ, ಆರೂವರೆ ಇಂಚಿನ ಪರದೆಯನ್ನು ಮೂವತ್ತು ಮಕ್ಕಳೆದುರು ಹಿಡಿಯಿರಿ. ಮುಂದಿನ ಐವರಿಗೆ ಚಿತ್ರ ಕಾಣುತ್ತದೆ, ಉಳಿದವರಿಗೆ ಕಿಟಕಿಯ ಬೆಳಕು. ಸದ್ದು ಸಾಲದಿದ್ದರೆ ಸ್ಪೀಕರ್ ತುದಿ ಕೆಳಗಾಗಿ ಮೊಬೈಲನ್ನು ಸ್ಟೀಲ್ ಲೋಟದಲ್ಲಿ ನಿಲ್ಲಿಸಿ. ಈಗ ಎಲ್ಲರಿಗೂ ಕೇಳುತ್ತದೆ, ಯಾರಿಗೂ ಕಾಣುವುದಿಲ್ಲ. ಹಿಂದಿನ ರಾತ್ರಿಯೇ ಮನೆಯಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್‌ವರ್ಕಿನ ಹಂಗಿಲ್ಲ, ನಿಜ. ಆದರೆ ರಾತ್ರಿ ಸ್ಯಾಟ್ಸ್ ಎಂಟ್ರಿಗೆ ಮೀಸಲು. ಸರ್ವರ್ ಕಣ್ಣು ಬಿಡುವುದೇ ಆಗ.

ಕೊನೆಯ ಐದು ನಿಮಿಷ ಆನ್‌ಲೈನ್ ತರಬೇತಿಗೆ. ಮಕ್ಕಳ ಜತೆ ಬೆರೆತು ಕಲಿಸುವುದು ಹೇಗೆ ಎಂಬ ಕೋರ್ಸ್ ಆದರೆ ಉತ್ತಮ. ಮಕ್ಕಳು ಮಧ್ಯೆ ಬಂದು ‘ಸಾರ್, ಲೆಕ್ಕ ಆಯ್ತು’ ಅನ್ನದಂತೆ ಇನ್ನೆರಡು ಲೆಕ್ಕ ಕೊಟ್ಟುಬಿಡಿ. ಮುಗಿದ ಮೇಲೆ ಬರುವ ಸರ್ಟಿಫಿಕೇಟ್‌ನಲ್ಲೂ ಒಂದು ಕ್ಯೂಆರ್ ಕೋಡ್ ಇರುತ್ತದೆ. ಅದು ಮಾತ್ರ ಮೊದಲ ಸಲಕ್ಕೇ ಸ್ಕ್ಯಾನ್ ಆಗುತ್ತದೆ.