ಕಲಿಸಿದವರ ಬಗ್ಗೆಯೂ ಒಂದು ಮಾತು

ವಿಮಾನ ಬಿದ್ದು ಕಾಡಿನಲ್ಲಿ ಒಂಟಿಯಾಗುವ ಪೈಲಟ್‌ಗಳು ಜೀವ ಉಳಿಸಿಕೊಳ್ಳುವ ಬಗೆಯನ್ನು ನೀವು ಪ್ರಕಟಿಸಿದ ಲೇಖನ ಚೆನ್ನಾಗಿ ವಿವರಿಸಿದೆ. ಅದನ್ನು ಅವರಿಗೆ ಕಲಿಸುವವರ ಪ್ರಸ್ತಾಪವೇ ಇಲ್ಲವಲ್ಲ ಅಂತ ಬರೆಯುತ್ತಿದ್ದೇನೆ. ನನ್ನ ಮಗಳು ಸೇನೆಯಲ್ಲಿ ಅದೇ ತರಬೇತಿ ಕೊಡುವ ಇನ್‌ಸ್ಟ್ರಕ್ಟರ್.

ಎಲ್ಲರಿಗೂ ಮೊದಲು ಕಾಡುವುದು ಹೊಟ್ಟೆಯ ಚಿಂತೆ. ಆದರೆ ಊಟವಿಲ್ಲದೆ ವಾರಗಟ್ಟಲೆ ಬದುಕಬಹುದು, ನೀರಿಲ್ಲದೆ ಸುಮಾರು 3 ದಿನ. ಕೊರೆಯುವ ಚಳಿಯಲ್ಲಿ ಒದ್ದೆ ಬಟ್ಟೆಯಲ್ಲಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಅದಕ್ಕೇ ಅವಳ ಪಾಠ ಶುರುವಾಗುವುದು ಆಸರೆಯಿಂದ: ನೆಲದ ತಂಪು ಮೈಗೆ ತಾಗದಂತೆ ಒಣ ಎಲೆ ದಪ್ಪಗೆ ಹಾಸುವುದು. ಆಮೇಲೆ ಬೆಂಕಿ. ಮಳೆಗೆ ನೆನೆದ ಕೊಂಬೆಯನ್ನೂ ಸೀಳಿದರೆ ಒಳಭಾಗ ಒಣಗಿರುತ್ತದೆ. ಅದನ್ನು ಚಾಕುವಿನಿಂದ ತೆಳ್ಳಗೆ ಸುರುಳಿಯಾಗಿ ಹೆರೆದು ಕಿಡಿ ಹಿಡಿಸಬೇಕು. ರಜೆಗೆ ಬಂದಾಗ ನನಗೂ ಮಾಡಿ ತೋರಿಸಿದಳು. ಅವಳ ಬೆರಳ ತುಂಬ ಹಳೆಯ ಗಾಯದ ಗುರುತುಗಳು. ಹೆತ್ತ ಕರುಳು ಚುರ್ ಅಂದಿತು, ಎದೆಯೂ ತುಂಬಿ ಬಂತು.

ಶಿಷ್ಯರು ಮಳೆಯಲ್ಲಿ ನಡುಗುವ ರಾತ್ರಿ ಅವಳೂ ಅದೇ ಮಳೆಯಲ್ಲಿರುತ್ತಾಳೆ. ಯಾರ ಮೈ ಹೆಚ್ಚು ತಣ್ಣಗಾಗುತ್ತಿದೆ, ಯಾರ ಮಾತು ತೊದಲುತ್ತಿದೆ ಅಂತ ಕಣ್ಣಿಟ್ಟಿರುತ್ತಾಳೆ. ಇಂಥವರ ಬಗ್ಗೆ ದಯವಿಟ್ಟು ಒಂದು ಲೇಖನ ಬರೆಯಿರಿ.